ಎಮಿಲ್ ಗ್ರಿಫಿತ್

ಎಮಿಲ್ ಆಲ್ಫಾನ್ಸ್ ಗ್ರಿಫಿತ್ (ಫೆಬ್ರವರಿ 3, 1938 – ಜುಲೈ 23, 2013) ಅಮೆರಿಕದ ವೃತ್ತಿಪರ ಬಾಕ್ಸರ್. ವೆಲ್ಟರ್‌ವೇಟ್ ವಿಭಾಗದಲ್ಲಿ ಮೂರು ಬಾರಿ ಮತ್ತು ಮಿಡಲ್‌ವೇಟ್ ವಿಭಾಗದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದರು. ಯು.ಎಸ್. ವರ್ಜಿನ್ ದ್ವೀಪಗಳಲ್ಲಿ ಹುಟ್ಟಿ ವಿಶ್ವ ಚಾಂಪಿಯನ್ ಪಟ್ಟಕ್ಕೇರಿದ ಮೊದಲ ಬಾಕ್ಸರ್ ಇವರು. 1958ರಿಂದ 1977ರವರೆಗೆ 19 ವರ್ಷಗಳ ಕಾಲ 112 ವೃತ್ತಿಪರ ಪಂದ್ಯಗಳಲ್ಲಿ ಸೆಣಸಿದ ಇವರ ಹೆಸರು ಒಂದೇ ಒಂದು ಪಂದ್ಯದೊಂದಿಗೆ ಬೆಸೆದುಕೊಂಡಿದೆ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನಲ್ಲಿ ನಡೆದ ಆ ಪಂದ್ಯದಲ್ಲಿ ಗ್ರಿಫಿತ್ ಅವರ ಹೊಡೆತಗಳಿಗೆ ಸಿಲುಕಿದ ಕ್ಯೂಬಾದ ಬೆನ್ನಿ ಪರೆಟ್ ಪ್ರಜ್ಞೆ ತಪ್ಪಿ, ಹತ್ತು ದಿನಗಳ ನಂತರ ಮರಣ ಹೊಂದಿದರು.

ಆರಂಭಿಕ ಜೀವನ

ಗ್ರಿಫಿತ್ ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಕುಟುಂಬವನ್ನು ತೊರೆದು ಹೋದ ಮೇಲೆ ತಾಯಿ ಮಕ್ಕಳನ್ನು ಬಂಧುಗಳ ಆಶ್ರಯದಲ್ಲಿ ಬಿಟ್ಟು ದುಡಿಮೆ ಅರಸಿ ನ್ಯೂಯಾರ್ಕಿಗೆ ತೆರಳಿದರು. ಕೆಲವು ವರ್ಷಗಳ ಬಳಿಕ ಹಿರಿಯ ಮಗನನ್ನು ತಮ್ಮ ಬಳಿಗೆ ಕರೆಸಿಕೊಂಡರು. ಮುಂದೆ ಮಗ ಗಳಿಸಿದ ಹಣದಿಂದ ಇಡೀ ಕುಟುಂಬ ಕ್ವೀನ್ಸ್ ಪ್ರದೇಶದ ಸ್ವಂತ ಮನೆಯಲ್ಲಿ ಒಂದುಗೂಡಿತು.

ಹದಿಹರೆಯದಲ್ಲಿ ಗ್ರಿಫಿತ್ ನ್ಯೂಯಾರ್ಕಿನ ಒಂದು ಟೋಪಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಸೆಕೆಯ ದಿನವೊಂದರಲ್ಲಿ ಅಂಗಿ ಕಳಚಿ ಕೆಲಸ ಮಾಡಲು ಅವರು ಅನುಮತಿ ಕೇಳಿದಾಗ, ಹುಡುಗನ ಅಗಲವಾದ ಭುಜಗಳನ್ನೂ ಸಣ್ಣ ನಡುವನ್ನೂ ಕಾರ್ಖಾನೆಯ ಮಾಲೀಕ ಹೋವಿ ಆಲ್ಬರ್ಟ್ ಗಮನಿಸಿದರು. ಆಲ್ಬರ್ಟ್ ಸ್ವತಃ ಹಿಂದೆ ಹವ್ಯಾಸಿ ಬಾಕ್ಸರ್ ಆಗಿದ್ದವರು. ಅವರು ಗ್ರಿಫಿತ್ ಅವರನ್ನು ತರಬೇತುದಾರ ಗಿಲ್ ಕ್ಲಾನ್ಸಿ ಅವರ ಬಳಿಗೆ ಕರೆದೊಯ್ದರು. ಬಾಕ್ಸಿಂಗ್ ಗ್ರಿಫಿತ್ ಅವರ ಸ್ವಂತ ಆಯ್ಕೆಯಾಗಿರಲಿಲ್ಲ. ಅವರಿಗೆ ಆಸಕ್ತಿಯಿದ್ದದ್ದು ಹೆಂಗಸರ ಟೋಪಿಗಳ ವಿನ್ಯಾಸದಲ್ಲಿ; ಚಾಂಪಿಯನ್ ಆದ ಮೇಲೂ ಆ ಒಲವು ಉಳಿದಿತ್ತು. ಪತ್ರಿಕೆಗಳು ಇದನ್ನು ಒಂದು ವಿಚಿತ್ರವೆಂಬಂತೆ ಮತ್ತೆ ಮತ್ತೆ ಪ್ರಸ್ತಾಪಿಸುತ್ತಿದ್ದವು.

1958ರಲ್ಲಿ ನ್ಯೂಯಾರ್ಕಿನ ಗೋಲ್ಡನ್ ಗ್ಲೋವ್ಸ್ ಹವ್ಯಾಸಿ ಪಂದ್ಯಾವಳಿಯ 147 ಪೌಂಡ್ ವಿಭಾಗದಲ್ಲಿ ಗೆದ್ದ ಗ್ರಿಫಿತ್ ಅದೇ ವರ್ಷ ವೃತ್ತಿಪರರಾದರು. ಕ್ಲಾನ್ಸಿ ತರಬೇತುದಾರರಾಗಿ, ಆಲ್ಬರ್ಟ್ ಅವರೊಂದಿಗೆ ಜಂಟಿ ಮ್ಯಾನೇಜರ್ ಆಗಿ ಇವರ ಬೆನ್ನಿಗೆ ನಿಂತರು. ಮ್ಯಾನೇಜರುಗಳನ್ನು ಬದಲಿಸುವುದು ಸಾಮಾನ್ಯವಾಗಿದ್ದ ಬಾಕ್ಸಿಂಗ್ ಜಗತ್ತಿನಲ್ಲಿ ಈ ಜೊತೆ ದೀರ್ಘಕಾಲ ಬಾಳಿತು.

ವೆಲ್ಟರ್‌ವೇಟ್ ಪಟ್ಟ

ವೆಲ್ಟರ್‌ವೇಟ್ ಎಂದರೆ 147 ಪೌಂಡ್ (ಸುಮಾರು 66.7 ಕಿಲೋಗ್ರಾಂ) ಮಿತಿಯೊಳಗಿನ ಬಾಕ್ಸರುಗಳ ವಿಭಾಗ. ಹಗುರ ಬಾಕ್ಸರುಗಳ ವೇಗವೂ ಭಾರದವರ ಹೊಡೆತದ ಬಲವೂ ಒಂದೆಡೆ ಸೇರುವ ಈ ವಿಭಾಗವನ್ನು ಬಲ್ಲವರು ಎಂದಿನಿಂದಲೂ ಮೆಚ್ಚಿದ್ದಾರೆ. 1960ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ಡಾನ್ ಜೋರ್ಡನ್ ಅವರನ್ನು ಸೋಲಿಸಿ ಈ ವಿಭಾಗದ ಚಾಂಪಿಯನ್ ಆಗಿದ್ದವರು ಬೆನ್ನಿ ಪರೆಟ್. ಕ್ಯೂಬಾದ ಸಾಂತಾ ಕ್ಲಾರಾದವರಾದ ಪರೆಟ್, ಎಷ್ಟೇ ಹೊಡೆತ ಬಿದ್ದರೂ ತಡೆದುಕೊಂಡು ಮುನ್ನುಗ್ಗುವ ಬಾಕ್ಸರ್ ಎಂದು ಹೆಸರಾಗಿದ್ದರು.

1961ರ ಏಪ್ರಿಲ್ 1ರಂದು ಮಯಾಮಿ ಬೀಚ್‌ನಲ್ಲಿ ನಡೆದ ಪಂದ್ಯದ 13ನೇ ಸುತ್ತಿನಲ್ಲಿ ಗ್ರಿಫಿತ್ ಅವರು ಪರೆಟ್ ಅವರನ್ನು ನಾಕೌಟ್ ಮಾಡಿ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದರು. ಆಗ ಅವರಿಗೆ 23 ವರ್ಷ. ಆದರೆ ಅದೇ ವರ್ಷದ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ತೀರ್ಪುಗಾರರ ಅಭಿಪ್ರಾಯ ಒಡೆದು, ಪಟ್ಟ ಮತ್ತೆ ಪರೆಟ್ ಅವರ ಪಾಲಾಯಿತು.

ಮೂರನೆಯ ಪಂದ್ಯಕ್ಕೆ ಮುನ್ನ ನಡೆದ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. 1961ರ ಡಿಸೆಂಬರ್ 9ರಂದು ಪರೆಟ್ ತಮಗಿಂತ ಭಾರವಾದ ವಿಭಾಗಕ್ಕೆ ಏರಿ, ಮಿಡಲ್‌ವೇಟ್ ಚಾಂಪಿಯನ್ ಜೀನ್ ಫುಲ್ಮರ್ ಅವರನ್ನು ಲಾಸ್ ವೇಗಸ್‌ನಲ್ಲಿ ಎದುರಿಸಿದರು. ಫುಲ್ಮರ್ ಅವರನ್ನು ನಿರ್ದಯವಾಗಿ ದಂಡಿಸಿ 10ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಇದಾದ ಮೂರೂವರೆ ತಿಂಗಳಿಗೇ ಪರೆಟ್ ಅವರನ್ನು ಗ್ರಿಫಿತ್ ಎದುರು ಮತ್ತೆ ರಿಂಗಿಗೆ ಇಳಿಸಲಾಯಿತು. ತಲೆಗೆ ಅಂತಹ ಪೆಟ್ಟು ತಿಂದವರಿಗೆ ಕಡ್ಡಾಯ ವಿಶ್ರಾಂತಿ ನೀಡುವ ಕಟ್ಟುನಿಟ್ಟಾದ ವ್ಯವಸ್ಥೆ ಅಂದು ಇರಲಿಲ್ಲ.

1962ರ ಮಾರ್ಚ್ 24ರ ಪಂದ್ಯ

ಪಂದ್ಯದ ದಿನ ಬೆಳಗ್ಗೆ ತೂಕ ನೋಡುವ ವೇಳೆ ಪರೆಟ್, ಗ್ರಿಫಿತ್ ಅವರ ಹಿಂಬದಿಯನ್ನು ಮುಟ್ಟಿ ‘ಮರಿಕೋನ್’ ಎಂದು ಹಂಗಿಸಿದರು. ಇದು ಸಲಿಂಗಕಾಮಿ ಪುರುಷರನ್ನು ಹೀಯಾಳಿಸಲು ಸ್ಪ್ಯಾನಿಷ್ ಭಾಷೆಯಲ್ಲಿ ಬಳಸುವ ಬೈಗುಳ. ಅದರ ಅರ್ಥ ಗ್ರಿಫಿತ್ ಅವರಿಗೆ ತಿಳಿದಿತ್ತು. ಅಲ್ಲಿಯೇ ಮೇಲೆರಗಲು ಮುಂದಾದ ಅವರನ್ನು ಕ್ಲಾನ್ಸಿ ತಡೆದು, ಸಿಟ್ಟನ್ನು ರಾತ್ರಿಗೆ ಉಳಿಸಿಕೊಳ್ಳುವಂತೆ ಸಮಾಧಾನಪಡಿಸಿದರು.

ಆ ಬೈಗುಳದ ತೂಕವನ್ನು ಅರಿಯಲು ಕಾಲವನ್ನು ನೆನೆಯಬೇಕು. ಸಲಿಂಗಕಾಮವು ಆಗ ನ್ಯೂಯಾರ್ಕ್ ಸೇರಿದಂತೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಶಿಕ್ಷಾರ್ಹ ಅಪರಾಧ. ಅಲ್ಲಿನ ಮನೋವೈದ್ಯರ ಸಂಘ ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ಗುಟ್ಟು ಬಯಲಾದರೆ ಬಾಕ್ಸರ್ ಒಬ್ಬರ ವೃತ್ತಿ ಅಂದಿಗೇ ಮುಗಿಯುವ ಸಂಭವವಿತ್ತು. ಪತ್ರಿಕೆಗಳೂ ಆ ಪದವನ್ನು ಅಚ್ಚು ಮಾಡಲು ಹಿಂಜರಿದವು. ನ್ಯೂಯಾರ್ಕ್ ಟೈಮ್ಸ್ ವರದಿಯಲ್ಲಿ ಅದು ‘ಗಂಡಸಲ್ಲದವನು’ ಎಂಬರ್ಥದ ಮಾತಾಗಿ ಮಾರ್ಪಟ್ಟಿತು. ಹೀಗಾಗಿ ಆ ಪಂದ್ಯದ ಹಿನ್ನೆಲೆಯ ಒಂದು ಮುಖ್ಯ ಸಂಗತಿ ಹಲವು ವರ್ಷಗಳ ಕಾಲ ಸಾಮಾನ್ಯ ಓದುಗರಿಗೆ ಸ್ಪಷ್ಟವಾಗಿ ತಿಳಿಯಲೇ ಇಲ್ಲ.

ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಂದು ರಾತ್ರಿ ನಡೆದ ಪಂದ್ಯವನ್ನು ಎಬಿಸಿ ವಾಹಿನಿ ದೇಶಾದ್ಯಂತ ನೇರ ಪ್ರಸಾರ ಮಾಡಿತು. ಗ್ರಿಫಿತ್ ಮೇಲುಗೈ ಸಾಧಿಸಿದ್ದರೂ ಪಂದ್ಯ ಏಕಪಕ್ಷೀಯವಾಗಿರಲಿಲ್ಲ. ಆರನೇ ಸುತ್ತಿನ ಕೊನೆಯ ಹೊತ್ತಿಗೆ ಪರೆಟ್ ಅವರ ಸರಣಿ ಹೊಡೆತಗಳಿಗೆ ಗ್ರಿಫಿತ್ ನೆಲಕ್ಕುರುಳಿದರು. ಎದ್ದು ನಿಂತು ಎಣಿಕೆಯಿಂದ ಪಾರಾದ ಅವರನ್ನು ಸುತ್ತು ಮುಗಿದ ಗಂಟೆಯೇ ಉಳಿಸಿತೆನ್ನಬಹುದು. ಮೂಲೆಗೆ ಮರಳಿದ ಶಿಷ್ಯನಿಗೆ ಕ್ಲಾನ್ಸಿ ನೀಡಿದ ಸೂಚನೆ ಸರಳವಾಗಿತ್ತು: ಎದುರಾಳಿಯನ್ನು ಹತ್ತಿರದಿಂದ ಹಿಡಿತಕ್ಕೆ ತೆಗೆದುಕೊಂಡರೆ, ಆತ ತಬ್ಬಿ ಹಿಡಿಯುವವರೆಗೆ ಇಲ್ಲವೇ ರೆಫರಿ ಬಿಡಿಸುವವರೆಗೆ ಹೊಡೆಯುತ್ತಲೇ ಇರಬೇಕು.

12ನೇ ಸುತ್ತಿನಲ್ಲಿ ಗ್ರಿಫಿತ್ ಅವರು ಪರೆಟ್ ಅವರನ್ನು ರಿಂಗಿನ ಮೂಲೆಗೆ ತಳ್ಳಿದರು. ಮೂಲೆಯ ಕಂಬಕ್ಕೆ ಒರಗಿದ ಪರೆಟ್ ಅವರ ದೇಹ ಹಗ್ಗಗಳ ನಡುವೆ ಸಿಕ್ಕಿಕೊಂಡಿತು. ಪ್ರಜ್ಞೆ ತಪ್ಪಿದ್ದರೂ ಕೆಳಗೆ ಬೀಳಲು ಅವರಿಗೆ ಎಡೆಯಿರಲಿಲ್ಲ. ಬಿದ್ದಿದ್ದರೆ ಎಣಿಕೆ ಆರಂಭವಾಗಿ ಹೊಡೆತ ನಿಲ್ಲುತ್ತಿತ್ತು. ಕೈ ಎತ್ತಿ ತಡೆಯಲಾಗದ ಎದುರಾಳಿಯ ತಲೆಗೆ ಗ್ರಿಫಿತ್ ಕೆಲವೇ ಕ್ಷಣಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೊಡೆತಗಳನ್ನು ಹಾಕಿದರು. ರೆಫರಿ ರೂಬಿ ಗೋಲ್ಡ್‌ಸ್ಟೀನ್ ನಡುವೆ ನುಗ್ಗಿ ಗ್ರಿಫಿತ್ ಅವರನ್ನು ಎಳೆದಾಗ ಸುತ್ತಿನ 2 ನಿಮಿಷ 9 ಸೆಕೆಂಡುಗಳಾಗಿದ್ದವು. ಆಗ ಪರೆಟ್ ಮೆಲ್ಲನೆ ಜಾರಿ ನೆಲಕ್ಕೆ ಕುಸಿದರು. ರಿಂಗಿನ ಬಳಿಯೇ ಕುಳಿತಿದ್ದ ಲೇಖಕ ನಾರ್ಮನ್ ಮೇಲರ್ ಮರುವರ್ಷ ಎಸ್ಕ್ವೈರ್ ಪತ್ರಿಕೆಗೆ ಬರೆದ ದೀರ್ಘ ಪ್ರಬಂಧದಲ್ಲಿ ಈ ದೃಶ್ಯವನ್ನು ವರ್ಣಿಸಿದ್ದಾರೆ. ಪಂದ್ಯದ ಬಗ್ಗೆ ಬಂದಿರುವ ಬರಹಗಳಲ್ಲಿ ಅದೇ ಹೆಚ್ಚು ಪ್ರಸಿದ್ಧ.

ಪರೆಟ್ ಅವರನ್ನು ಆಸ್ಪತ್ರೆಗೆ ಸಾಗಿಸಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಲಾಯಿತಾದರೂ ಅವರಿಗೆ ಪ್ರಜ್ಞೆ ಮರಳಲಿಲ್ಲ. ಗ್ರಿಫಿತ್ ಆಸ್ಪತ್ರೆಗೆ ಹೋಗಿ ಗಂಟೆಗಟ್ಟಲೆ ಕಾದರೂ ಒಳಗೆ ಬಿಡಲಿಲ್ಲ. ಹೊರಬಂದಾಗ ದಾರಿಹೋಕರ ನಿಂದನೆ ಎದುರಾಯಿತು. ಬೇಕೆಂದೇ ಕೊಂದರೆಂದು ಆರೋಪಿಸುವ ದ್ವೇಷದ ಪತ್ರಗಳು ಬಂದವು. ಏಪ್ರಿಲ್ 3ರಂದು ಪರೆಟ್ ತಮ್ಮ 25ನೇ ವಯಸ್ಸಿನಲ್ಲಿ ನಿಧನರಾದರು. ಅವರಿಗೆ ಎಳೆಯ ಮಗನಿದ್ದನು, ಪತ್ನಿ ಗರ್ಭಿಣಿಯಾಗಿದ್ದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಸೇಂಟ್ ರೇಮಂಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಹೊಣೆಗಾರಿಕೆಯ ಪ್ರಶ್ನೆ

ಸಾವಿಗೆ ಕಾರಣ ಯಾರು ಎಂಬ ಚರ್ಚೆ ಅಂದೇ ಆರಂಭವಾಯಿತು. ಬೈಗುಳದಿಂದ ಕೆರಳಿದ ಗ್ರಿಫಿತ್ ಸೇಡು ತೀರಿಸಿಕೊಂಡರೆಂಬುದು ಜನಪ್ರಿಯ ವಿವರಣೆ. ಗ್ರಿಫಿತ್ ಅದನ್ನು ಒಪ್ಪಲಿಲ್ಲ. ತಮಗೆ ಸಿಟ್ಟು ಬಂದಿದ್ದು ನಿಜವೆಂದೂ, ಆದರೆ ಯಾರನ್ನೂ ಕೊಲ್ಲುವ ಉದ್ದೇಶ ತಮಗಿರಲಿಲ್ಲವೆಂದೂ ಅವರು ಕೊನೆಯವರೆಗೆ ಹೇಳುತ್ತಿದ್ದರು. ಅಂದು ಮೂಲೆಯಲ್ಲಿ ಅವರು ಮಾಡಿದ್ದು ತರಬೇತುದಾರರು ಹೇಳಿಕೊಟ್ಟದ್ದನ್ನೇ ಎಂಬುದನ್ನೂ ಮರೆಯುವಂತಿಲ್ಲ. ಪಂದ್ಯ ನಿಲ್ಲಿಸುವ ಅಧಿಕಾರ ಬಾಕ್ಸರ್ ಕೈಯಲ್ಲಿರುವುದಿಲ್ಲ.

ಆ ಅಧಿಕಾರವಿದ್ದ ಗೋಲ್ಡ್‌ಸ್ಟೀನ್ ಅನುಭವಿ ಹಾಗೂ ಗೌರವಾನ್ವಿತ ರೆಫರಿ. ಸೋತಂತೆ ಕಂಡು ಮರುಕ್ಷಣವೇ ತಿರುಗಿ ಬೀಳುವುದು ಪರೆಟ್ ಅವರ ರೂಢಿಯಾದ್ದರಿಂದ ಅವರು ತಡಮಾಡಿದರೆಂದು ಕೆಲವರು ಸಮರ್ಥಿಸಿದರು. ರಾಜ್ಯದ ಕ್ರೀಡಾ ಆಯೋಗ ಅವರನ್ನು ದೋಷಮುಕ್ತಗೊಳಿಸಿತು. ಆದರೂ ಅವರ ರೆಫರಿ ವೃತ್ತಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಫುಲ್ಮರ್ ಅವರಿಂದ ಪೆಟ್ಟು ತಿಂದು ಚೇತರಿಸಿಕೊಳ್ಳುವ ಮೊದಲೇ ಪರೆಟ್ ಅವರನ್ನು ಕಣಕ್ಕಿಳಿಸಿದ ಅವರ ಮ್ಯಾನೇಜರ್ ಮೇಲೂ ಟೀಕೆ ಬಂತು. ಆ ಪಂದ್ಯಕ್ಕೆ ಅನುಮತಿ ಕೊಟ್ಟ ಅಧಿಕಾರಿಗಳ ಬಗ್ಗೆ ಬಂದ ಟೀಕೆ ಹೋಲಿಕೆಯಲ್ಲಿ ಕಡಿಮೆ.

ನ್ಯೂಯಾರ್ಕ್ ರಾಜ್ಯಪಾಲ ನೆಲ್ಸನ್ ರಾಕ್‌ಫೆಲ್ಲರ್ ಬಾಕ್ಸಿಂಗ್ ಬಗ್ಗೆ ತನಿಖೆ ನಡೆಸಲು ಏಳು ಸದಸ್ಯರ ಸಮಿತಿಯನ್ನು ರಚಿಸಿದರು. ಕ್ರೀಡೆಯನ್ನೇ ನಿಷೇಧಿಸಬೇಕೆಂಬ ಕೂಗು ಎದ್ದಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಜನ ಟಿ.ವಿ. ಮುಂದೆ ಕುಳಿತು ಆ ಹೊಡೆತಗಳನ್ನು ಕಣ್ಣಾರೆ ಕಂಡಿದ್ದರು. 1950ರ ದಶಕದಲ್ಲಿ ವಾರವಾರವೂ ಪ್ರಸಾರವಾಗುತ್ತಿದ್ದ ಬಾಕ್ಸಿಂಗ್ ಕಾರ್ಯಕ್ರಮಗಳಿಗೆ ಪ್ರೇಕ್ಷಕರು ಆಗಲೇ ಕಡಿಮೆಯಾಗುತ್ತಿದ್ದರು. 1964ರಲ್ಲಿ ಎಬಿಸಿ ಕೂಡ ತನ್ನ ಸಾಪ್ತಾಹಿಕ ಪ್ರಸಾರವನ್ನು ನಿಲ್ಲಿಸಿತು. ಪರೆಟ್ ಸಾವು ಇದಕ್ಕೆ ಏಕೈಕ ಕಾರಣವಲ್ಲದಿದ್ದರೂ ಒಂದು ಕಾರಣವೆಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ನಂತರದ ವೃತ್ತಿಜೀವನ

ಗ್ರಿಫಿತ್ ಕೆಲವು ತಿಂಗಳಲ್ಲೇ ರಿಂಗಿಗೆ ಮರಳಿದರು. 1962ರ ಜುಲೈನಲ್ಲಿ ರಾಲ್ಫ್ ಡ್ಯೂಪಾಸ್ ವಿರುದ್ಧವೂ ಡಿಸೆಂಬರ್‌ನಲ್ಲಿ ಹೋರ್ಹೆ ಫರ್ನಾಂಡಿಸ್ ವಿರುದ್ಧವೂ ಪಟ್ಟ ಉಳಿಸಿಕೊಂಡರು. ನಡುವೆ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಟೆಡ್ ರೈಟ್ ಅವರನ್ನು ಸೋಲಿಸಿ ಲೈಟ್ ಮಿಡಲ್‌ವೇಟ್ ವಿಶ್ವ ಪಟ್ಟವೆಂದು ಕರೆಯಲಾದ ಬಿರುದನ್ನು ಪಡೆದರು. ಇದಕ್ಕೆ ಮಾನ್ಯತೆ ನೀಡಿದ್ದು ಆಸ್ಟ್ರಿಯಾದ ಮಂಡಳಿ ಮಾತ್ರ. ಆದ್ದರಿಂದ ಇವರನ್ನು ಮೂರು ವಿಭಾಗಗಳ ಚಾಂಪಿಯನ್ ಎಂದು ಕರೆಯುವುದು ವಾಡಿಕೆಯಲ್ಲಿಲ್ಲ.

ಈ ಕಾಲದಲ್ಲಿ ಇವರ ಮುಖ್ಯ ಎದುರಾಳಿ ಕ್ಯೂಬಾದ ಮತ್ತೊಬ್ಬ ಬಾಕ್ಸರ್ ಲೂಯಿಸ್ ರೊಡ್ರಿಗಸ್. 1963ರ ಮಾರ್ಚ್ 21ರಂದು ಲಾಸ್ ಏಂಜಲೀಸ್‌ನ ಡಾಜರ್ ಕ್ರೀಡಾಂಗಣದಲ್ಲಿ ಗ್ರಿಫಿತ್ ರೊಡ್ರಿಗಸ್ ಅವರಿಗೆ ಪಟ್ಟವನ್ನು ಬಿಟ್ಟುಕೊಟ್ಟರು. ಅದೇ ರಾತ್ರಿ, ಅದೇ ರಿಂಗಿನಲ್ಲಿ ಶುಗರ್ ರಾಮೋಸ್ ವಿರುದ್ಧ ಸೋತ ಫೆದರ್‌ವೇಟ್ ಚಾಂಪಿಯನ್ ಡೇವಿ ಮೂರ್ ಪ್ರಜ್ಞೆ ತಪ್ಪಿ ನಾಲ್ಕು ದಿನಗಳ ನಂತರ ತೀರಿಕೊಂಡರು. ಪರೆಟ್ ಸಾವಿಗೆ ವರ್ಷ ತುಂಬುವ ಮೊದಲೇ ಇದು ನಡೆಯಿತು. ಮೂರ್ ಸಾವಿನ ಹೊಣೆ ಯಾರದೆಂದು ಕೇಳುವ ಹಾಡನ್ನು ಬಾಬ್ ಡಿಲನ್ ರಚಿಸಿದ್ದು ಇದೇ ವರ್ಷ. ಜೂನ್ 8ರಂದು ನ್ಯೂಯಾರ್ಕಿನಲ್ಲಿ ರೊಡ್ರಿಗಸ್ ಅವರನ್ನು ಸೋಲಿಸಿದ ಗ್ರಿಫಿತ್ ಮೂರನೆಯ ಬಾರಿಗೆ ವೆಲ್ಟರ್‌ವೇಟ್ ಚಾಂಪಿಯನ್ ಆದರು. 1964ರಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೊಮ್ಮೆ ರೊಡ್ರಿಗಸ್ ಎದುರು, ಬಳಿಕ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟನ್ನಿನ ಬ್ರಯಾನ್ ಕರ್ವಿಸ್ ಎದುರು ಪಟ್ಟ ಉಳಿಸಿಕೊಂಡರು. ‘ದ ರಿಂಗ್’ ಪತ್ರಿಕೆ ಆ ವರ್ಷದ ಶ್ರೇಷ್ಠ ಬಾಕ್ಸರ್ ಆಗಿ ಇವರನ್ನು ಆರಿಸಿತು. ಈ ಗೆಲುವುಗಳ ನಡುವೆ ಒಂದು ಆಘಾತಕಾರಿ ಸೋಲೂ ಇದೆ: 1963ರ ಡಿಸೆಂಬರ್ 20ರಂದು ಪಿಟ್ಸ್‌ಬರ್ಗ್‌ನಲ್ಲಿ ರೂಬಿನ್ ‘ಹರಿಕೇನ್’ ಕಾರ್ಟರ್ ಇವರನ್ನು ಮೊದಲ ಸುತ್ತಿನಲ್ಲೇ ಸೋಲಿಸಿದರು.

ಪರೆಟ್ ಸಾವಿನ ನಂತರ ಗ್ರಿಫಿತ್ ಅವರ ಆಟದ ರೀತಿ ಬದಲಾಯಿತು. ಎದುರಾಳಿ ಬಳಲಿದಾಗ ಮುಗಿಸಿಬಿಡುವ ಹೊಡೆತ ಹಾಕಲು ತಮಗೆ ಭಯವಾಗುತ್ತಿತ್ತೆಂದು ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ದಾಖಲೆ ಅದಕ್ಕೆ ಪೂರಕವಾಗಿಯೇ ಇದೆ. ನಂತರದ ಗೆಲುವುಗಳಲ್ಲಿ ಹೆಚ್ಚಿನವು ಅಂಕಗಳ ಆಧಾರದ ಮೇಲೆ ಬಂದಂಥವು. ವೇಗದ ಎಡಗೈ ನೇರ ಹೊಡೆತ, ದಣಿವರಿಯದ ಕಾಲ್ಚಲನೆ, ಎದುರಾಳಿಯ ಮೈಗೆ ಅಂಟಿಕೊಂಡು ಆತನ ಬಲವನ್ನು ಕುಂದಿಸುವ ಚಾತುರ್ಯ ಇವರ ಬಂಡವಾಳವಾದವು. ನೋಡುಗರಿಗೆ ಇದು ರೋಮಾಂಚನಕಾರಿಯಾಗಿರಲಿಲ್ಲ. ಹದಿನೈದು ಸುತ್ತುಗಳ ಪಂದ್ಯಗಳನ್ನು ಗೆಲ್ಲಲು ಮಾತ್ರ ಬೇಕಾದಷ್ಟಾಗಿತ್ತು.

ಮಿಡಲ್‌ವೇಟ್ ಪಟ್ಟ

1966ರ ಏಪ್ರಿಲ್ 25ರಂದು ಗ್ರಿಫಿತ್ 160 ಪೌಂಡ್ ಮಿತಿಯ ಮಿಡಲ್‌ವೇಟ್ ವಿಭಾಗದಲ್ಲಿ ನೈಜೀರಿಯಾದ ಡಿಕ್ ಟೈಗರ್ ಅವರನ್ನು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಂಕಗಳ ಮೇಲೆ ಸೋಲಿಸಿದರು. ತೀರ್ಪು ವಿವಾದಕ್ಕೆ ಒಳಗಾಯಿತು. ಎರಡು ವಿಭಾಗಗಳ ಪಟ್ಟವನ್ನು ಏಕಕಾಲಕ್ಕೆ ಹೊಂದಿರುವಂತಿಲ್ಲವಾದ್ದರಿಂದ ವೆಲ್ಟರ್‌ವೇಟ್ ಪಟ್ಟವನ್ನು ತೆರವು ಮಾಡಬೇಕಾಯಿತು. ಜೋಯಿ ಆರ್ಚರ್ ಎದುರು ಎರಡು ಬಾರಿ ಪಟ್ಟ ಉಳಿಸಿಕೊಂಡ ಬಳಿಕ ಇಟಲಿಯ ನಿನೊ ಬೆನ್ವೆನೂಟಿ ಅವರೊಡನೆ ಇವರ ಪ್ರಸಿದ್ಧ ಮೂರು ಪಂದ್ಯಗಳು ನಡೆದವು. 1967ರ ಏಪ್ರಿಲ್ 17ರಂದು ಬೆನ್ವೆನೂಟಿ ಗೆದ್ದರು. ಸೆಪ್ಟೆಂಬರ್ 29ರಂದು ಷೇ ಕ್ರೀಡಾಂಗಣದಲ್ಲಿ ಗ್ರಿಫಿತ್ ಪಟ್ಟವನ್ನು ಮರಳಿ ಪಡೆದರು. 1968ರ ಮಾರ್ಚ್ 4ರಂದು ಹೊಸದಾಗಿ ಕಟ್ಟಿದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮತ್ತೆ ಕಳೆದುಕೊಂಡರು. ಮೂರೂ ಪಂದ್ಯಗಳು 15 ಸುತ್ತು ಪೂರ್ತಿ ನಡೆದವು. ಎದುರಾಳಿಗಳಿಬ್ಬರೂ ಮುಂದೆ ಆಪ್ತ ಸ್ನೇಹಿತರಾದರು.

ಅದಾದ ಮೇಲೆ ವಿಶ್ವ ಪಟ್ಟ ಇವರಿಗೆ ಮತ್ತೆ ಒಲಿಯಲಿಲ್ಲ. 1969ರಲ್ಲಿ ವೆಲ್ಟರ್‌ವೇಟ್‌ಗೆ ಇಳಿದು ಹೊಸೆ ನಪೋಲೆಸ್ ಅವರೆದುರು ಸೋತರು. 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾರ್ಲೋಸ್ ಮೊನ್ಜೋನ್ 14ನೇ ಸುತ್ತಿನಲ್ಲಿ ಇವರನ್ನು ಸೋಲಿಸಿದರು. 1973ರಲ್ಲಿ ಮೊನಾಕೊದಲ್ಲಿ ಅದೇ ಮೊನ್ಜೋನ್ ಎದುರು 35ರ ಹರೆಯದ ಗ್ರಿಫಿತ್ 15 ಸುತ್ತುಗಳ ಕಾಲ ನಿಂತರು, ಅಂಕಗಳಲ್ಲಿ ಸೋತರು. 1976ರಲ್ಲಿ ಬರ್ಲಿನ್ನಿನಲ್ಲಿ ಎಕ್‌ಹಾರ್ಡ್ ಡಾಗೆ ಅವರ ವಿರುದ್ಧದ್ದು ಪಟ್ಟಕ್ಕಾಗಿ ಇವರ ಕೊನೆಯ ಯತ್ನ. 1977ರ ಜುಲೈ 30ರಂದು ಮಾಂಟೆ ಕಾರ್ಲೊದಲ್ಲಿ ಬ್ರಿಟನ್ನಿನ ಆಲನ್ ಮಿಂಟರ್ ವಿರುದ್ಧ ಸೋತು ನಿವೃತ್ತರಾದರು. ಒಟ್ಟು 85 ಗೆಲುವು, 24 ಸೋಲು, 2 ಡ್ರಾ; ಒಂದು ಪಂದ್ಯ ಫಲಿತಾಂಶವಿಲ್ಲದೆ ಮುಗಿಯಿತು. ವಿಶ್ವ ಪಟ್ಟದ ಪಂದ್ಯಗಳಲ್ಲೇ ಇವರು 300ಕ್ಕೂ ಹೆಚ್ಚು ಸುತ್ತುಗಳನ್ನು ಆಡಿದ್ದಾರೆ. ಇಷ್ಟು ದೀರ್ಘ ವೃತ್ತಿಜೀವನದಲ್ಲಿ ಪೂರ್ಣ ಅವಧಿಗೆ ಮೊದಲೇ ಸೋತದ್ದು ಕಾರ್ಟರ್ ಮತ್ತು ಮೊನ್ಜೋನ್ ಎದುರು ಮಾತ್ರ.

ನಿವೃತ್ತಿ ಮತ್ತು ವೈಯಕ್ತಿಕ ಜೀವನ

ನಿವೃತ್ತಿಯ ನಂತರ ಗ್ರಿಫಿತ್ ತರಬೇತುದಾರರಾಗಿ ವಿಲ್ಫ್ರೆಡ್ ಬೆನಿಟೆಜ್ ಮತ್ತು ಹ್ವಾನ್ ಲಪೋರ್ಟೆ ಅವರಂತಹ ಚಾಂಪಿಯನ್ನರೊಂದಿಗೆ ಕೆಲಸ ಮಾಡಿದರು. ನ್ಯೂಜೆರ್ಸಿಯ ಬಾಲಾಪರಾಧಿಗಳ ಬಂಧನ ಗೃಹವೊಂದರಲ್ಲಿ ಕಾವಲು ಅಧಿಕಾರಿಯಾಗಿಯೂ ದುಡಿದರು. ಅಲ್ಲಿ ಪರಿಚಯವಾದ ಹುಡುಗನೊಬ್ಬನನ್ನು ದತ್ತುಪುತ್ರನಂತೆ ಬೆಳೆಸಿದರು. ಕೊನೆಗಾಲದಲ್ಲಿ ಇವರ ಆರೈಕೆ ಮಾಡಿದ್ದು ಆತನೇ. 1971ರಲ್ಲಿ ನಡೆದ ಇವರ ಮದುವೆ ಹೆಚ್ಚು ಕಾಲ ಉಳಿಯಲಿಲ್ಲ.

1992ರಲ್ಲಿ ನ್ಯೂಯಾರ್ಕಿನ ಸಲಿಂಗಕಾಮಿಗಳ ಬಾರ್ ಒಂದರಿಂದ ಹೊರಬರುತ್ತಿದ್ದ ಇವರ ಮೇಲೆ ಗುಂಪೊಂದು ಮಾರಣಾಂತಿಕ ಹಲ್ಲೆ ನಡೆಸಿತು. ಸಾವಿನ ಅಂಚಿಗೆ ಹೋದ ಅವರು ಹಲವು ತಿಂಗಳು ಆಸ್ಪತ್ರೆಯಲ್ಲಿದ್ದರು. ತಾವು ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸಿರುವುದಾಗಿ 2005ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗೆ ಹೇಳಿದರು. ಆದರೆ ತಮ್ಮನ್ನು ಯಾವುದೇ ಒಂದು ಹೆಸರಿನಿಂದ ಗುರುತಿಸುವುದು ಅವರಿಗೆ ಇಷ್ಟವಿರಲಿಲ್ಲ. ಒಬ್ಬನನ್ನು ಕೊಂದುದನ್ನು ಜನ ಕ್ಷಮಿಸಿದರು, ಒಬ್ಬನನ್ನು ಪ್ರೀತಿಸಿದ್ದನ್ನು ಕ್ಷಮಿಸಲಿಲ್ಲ ಎಂಬ ಅರ್ಥದ ಅವರ ಮಾತು ಇಂದಿಗೂ ಆಗಾಗ ಉಲ್ಲೇಖಗೊಳ್ಳುತ್ತದೆ.

ವರ್ಷಾನುಗಟ್ಟಲೆ ತಲೆಗೆ ಬಿದ್ದ ಹೊಡೆತಗಳಿಂದ ಬಾಕ್ಸರುಗಳಿಗೆ ಬರುವ ಮರೆವಿನ ರೋಗ ಇವರನ್ನೂ ಕಾಡಿತು. ಪೂರ್ಣಾವಧಿ ಆರೈಕೆಯಲ್ಲಿದ್ದ ಅವರು 2013ರ ಜುಲೈ 23ರಂದು ನ್ಯೂಯಾರ್ಕ್ ರಾಜ್ಯದ ಹೆಂಪ್‌ಸ್ಟೆಡ್‌ನಲ್ಲಿ ನಿಧನರಾದರು.

ಗೌರವ ಮತ್ತು ಕೃತಿಗಳು

1990ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ ಮೊದಲ ತಂಡದಲ್ಲಿ ಗ್ರಿಫಿತ್ ಇದ್ದರು. 2005ರಲ್ಲಿ ಡ್ಯಾನ್ ಕ್ಲೋರೆಸ್ ಮತ್ತು ರಾನ್ ಬರ್ಗರ್ ನಿರ್ದೇಶಿಸಿದ ‘ರಿಂಗ್ ಆಫ್ ಫೈರ್’ ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. ಅದರ ಕೊನೆಯ ಭಾಗದಲ್ಲಿ ಗ್ರಿಫಿತ್ ಮೊದಲ ಬಾರಿಗೆ ಬೆನ್ನಿ ಪರೆಟ್ ಅವರ ಮಗನನ್ನು ಭೇಟಿಯಾಗುತ್ತಾರೆ. ತಂದೆ ತೀರಿಕೊಂಡಾಗ ಮಗುವಾಗಿದ್ದ ಆತ, ತಮ್ಮಲ್ಲಿ ದ್ವೇಷವಿಲ್ಲವೆಂದು ಹೇಳಿ ಗ್ರಿಫಿತ್ ಅವರನ್ನು ಅಪ್ಪಿಕೊಳ್ಳುತ್ತಾರೆ. ಡೊನಾಲ್ಡ್ ಮೆಕ್‌ರೇ ಬರೆದ ಜೀವನಚರಿತ್ರೆ 2015ರಲ್ಲಿ ಪ್ರಕಟವಾಯಿತು. ಜಾಝ್ ಸಂಗೀತಗಾರ ಟೆರೆನ್ಸ್ ಬ್ಲಾಂಚರ್ಡ್ ಇವರ ಬದುಕನ್ನು ಆಧರಿಸಿ ರಚಿಸಿದ ‘ಚಾಂಪಿಯನ್’ ಎಂಬ ಆಪೆರಾ, ಗ್ರಿಫಿತ್ ನಿಧನಕ್ಕೆ ಕೆಲವೇ ವಾರಗಳ ಮುನ್ನ 2013ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಮೊದಲ ಪ್ರದರ್ಶನ ಕಂಡಿತು. 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿಯೂ ಅದು ರಂಗಕ್ಕೆ ಬಂದಿತು.